ಒಂದು ತಂಬಿಗೆ ನೀರು ಕೇಳುತ್ತಿದ್ದ ಮೇಸ್ತ್ರಿ

ಕೆಳಗಿನ ಓಣಿಯ ಗಂಗವ್ವ ಗಿರಣಿಯಿಂದ ಹಿಟ್ಟು ಬೀಸಿಕೊಂಡು ಬರುವಾಗ ನಮ್ಮ ಕಟ್ಟೆಯ ಮುಂದೆ ನಿಂತಳು. ತಲೆಯ ಮೇಲಿನ ಡಬ್ಬಿಯನ್ನೂ ಇಳಿಸಲಿಲ್ಲ.

"ಅಕ್ಕಾರ, ಸುದ್ದಿ ಕೇಳಿದ್ರೇನು? ಆ ಗಟಾರ ಮೇಸ್ತ್ರಿ ಸತ್ತನಂತ್ರಿ."

"ಯಾವ ಮೇಸ್ತ್ರಿ?" ಎಂದೆ. ಯಾವ ಮೇಸ್ತ್ರಿ ಎಂಬುದು ನನಗೆ ಗೊತ್ತಿತ್ತು.

"ಮತ್ಯಾವ ಮೇಸ್ತ್ರಿ? ನಮ್ಮ ಗ್ವಾಡಿ ಕೆಡವಿ ಹೋದಾಂವ. ನನ್ನ ತಮ್ಮ ಬಾಗೇವಾಡಿಯಿಂದ ಬಂದಾನ, ಅಂವ ಹೇಳಿದ. ಎದಿ ಹಿಡಕೊಂಡು ಕುಂತಾಂವ ಮತ್ತ ಏಳಲಿಲ್ಲಂತ. ಸತ್ತವರಿಗೆ ಬೈಬಾರದು ಖರೆ, ಆದ್ರ ಮಳಿ ಬಂದಾಗೆಲ್ಲ ನನ್ನ ಬಾಯಿ ತಡಿಯೂದಿಲ್ರಿ."

ಅಷ್ಟು ಹೇಳಿ ಹೋದಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದ ನಾನು ಮೊರ ಅಲ್ಲೇ ಬಿಟ್ಟು ಒಳಗೆ ಹೋದೆ. ದೇವರ ಜಗಲಿಯ ಮುಂದೆ ನಿಂತೆ. ಮತ್ತೆ ಹೊರಗೆ ಬಂದೆ. ಕೈಗೆ ಕೆಲಸ ಹತ್ತಲಿಲ್ಲ. ಕುಂತಾಂವ ಏಳಲಿಲ್ಲ ಎಂಬ ಮಾತೇ ಕಿವಿಯಲ್ಲಿ ಉಳಿಯಿತು. ಆ ಮನುಷ್ಯ ಕುಳಿತದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅವರು ನಮ್ಮ ಸಿಂದಗಿಗೆ ಬಂದದ್ದು ಎಪ್ಪತ್ತೆರಡರ ಬರ ಕಳೆದ ಮೇಲೆ. ಬರ ಹೋಯಿತು ಎಂದು ನಾವು ಉಸಿರು ಬಿಡುವಷ್ಟರಲ್ಲಿ ಮಳೆ ಸೇಡು ತೀರಿಸಿಕೊಳ್ಳುವ ಹಾಗೆ ಸುರಿಯತೊಡಗಿತ್ತು. ನಮ್ಮದು ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವೆ ಇಳಿಜಾರಿನಲ್ಲಿರುವ ಮನೆ. ಆಗ ನೀರಿಗೆ ಬೇರೆ ದಾರಿಯೆಂಬುದೇ ಇರಲಿಲ್ಲ. ಪೇಟೆಯ ನೀರೆಲ್ಲ ರಸ್ತೆಯ ಮೇಲೆಯೇ ಹರಿದು, ನಮ್ಮ ಹೊಸ್ತಿಲು ಸವರಿಕೊಂಡು, ಕೆಳಗಿನ ಓಣಿಗೆ ಇಳಿದು, ಅಲ್ಲಿಯ ಮಣ್ಣಿನ ಮನೆಗಳಲ್ಲಿ ಮೊಣಕಾಲುದ್ದ ನಿಂತುಬಿಡುತ್ತಿತ್ತು. ಗುಡುಗಿದರೆ ಸಾಕು, ನಾನು ಹಿಟ್ಟಿನ ಡಬ್ಬಿ, ಹಾಸಿಗೆ, ಸಗಣಿ ಕುಳ್ಳಿನ ಬುಟ್ಟಿ ಎತ್ತಿಡಲು ಶುರು ಮಾಡುತ್ತಿದ್ದೆ. ಈಗಲೂ ಆ ಚಾಳಿ ಬಿಟ್ಟಿಲ್ಲ. ಮೋಡ ಕಪ್ಪಾದರೆ ನನ್ನ ಮೈಯೊಳಗೆ ಯಾರೋ ಓಡಾಡಿದಂತಾಗುತ್ತದೆ. ದೇವರ ಜಗಲಿ ಎತ್ತರದಲ್ಲಿತ್ತು, ನೀರು ಅಲ್ಲಿಯವರೆಗೆ ಒಮ್ಮೆಯೂ ಏರಲಿಲ್ಲ. ಅದೊಂದು ದಯೆ.

ಪೇಟೆಯಿಂದ ಹಳ್ಳದವರೆಗೆ ಓಣಿ ಓಣಿಗೂ ಕಲ್ಲಿನ ಗಟಾರ ಕಟ್ಟಿಸುವುದೆಂದು ಊರಿನಲ್ಲಿ ಠರಾವಾಯಿತು. ಕೆಲಸ ನೋಡಿಕೊಳ್ಳಲು ಬಂದ ಈ ಮೇಸ್ತ್ರಿ ಮುಳವಾಡದ ಕಡೆಯವರು. ವಯಸ್ಸು ನಲವತ್ತರ ಮೇಲೆ. ಒಣಗಿದ ಮೈ, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಧೋತರ, ಕೈಯಲ್ಲಿ ಕಂಠ ನೆಗ್ಗಿದ ಒಂದು ತಾಮ್ರದ ತಂಬಿಗೆ. ಮೊದಲ ದಿನ ನಮ್ಮ ಬಾಗಿಲಿಗೆ ಬಂದು ಕೂಗಿದರು.

"ತಂಗೀ, ಒಂದು ತಂಬಿಗಿ ನೀರು."

ಬಿಸಿಲಲ್ಲಿ ಬಂದವರು, ನೀರಡಿಸಿರಬೇಕು ಎಂದು ಬೆಲ್ಲದ ಚೂರಿನ ಜೊತೆ ನೀರು ತಂದುಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡರು. ನೀರನ್ನು ತಮ್ಮ ತಂಬಿಗೆಗೆ ಹೊಯ್ದುಕೊಂಡು, ಓಣಿಯ ನಡುವೆ ನಿಂತು, ನೆಲಕ್ಕೆ ಸುರಿದೇಬಿಟ್ಟರು! ಬರದ ವರ್ಷ ಒಂದು ಕೊಡ ನೀರಿಗೆ ಎಷ್ಟು ನಡೆದಿದ್ದೆ ಎಂಬುದು ನನ್ನ ಕಾಲಿಗೆ ಇನ್ನೂ ನೆನಪಿತ್ತು. ಅವರು ಮಾತ್ರ ಸೊಂಟ ಬಗ್ಗಿಸಿ, ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಆ ನೀರು ಎತ್ತ ಹೋಗುತ್ತದೆಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ತಪ್ಪು ತಿಳಕೋಬ್ಯಾಡ ತಂಗೀ. ಸಾಹೇಬರು ದುರ್ಬೀನ್ ಹಚ್ಚಿ ನೋಡ್ತಾರ. ನನಗ ಅದು ತಿಳಿಯೂದಿಲ್ಲ. ನಿನಗ ಎತ್ತಾಗ ಹೋಗಬೇಕಾಗೇತಿ ಅಂತ ನೀರನ್ನ ಕೇಳ್ತೇನಿ."

ಒಳಗಿನಿಂದ ಅತ್ತೆಯ ದನಿ ಬಂತು. "ಕುಡಿಯಾಕ ನೀರು ಬೇಡೂದನ್ನ ಕಂಡೇನಿ. ಚೆಲ್ಲಾಕ ಬೇಡಾಂವನ್ನ ಇವತ್ತ ಕಂಡೆ!"

"ಆಯೀ, ನಿಮ್ಮ ನೀರು ಚೆಲ್ಲಿಲ್ರಿ. ನೋಡ್ರಿ, ನೆಟ್ಟಗ ಕೆಳಗಿನ ಓಣಿಗೆ ಹೊಂಟೈತಿ," ಎಂದು ಅವರು ನಕ್ಕರು.

ಓಣಿಯ ಹೆಂಗಸರು ಅವರಿಗೆ ಗಟಾರಪ್ಪ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದಿತ್ತು. "ಗಟಾರಕ್ಕೂ ಅಪ್ಪ ಅಂತ ಹಚ್ಚಿ ಕರದ್ರಲ್ಲ ನೀವು, ನನಗ ಅಷ್ಟರ ಮರ್ಯಾದಿ ಸಿಕ್ತು," ಎಂದಿದ್ದರು.

ಕಟ್ಟೆಗೆ ಬಂದು ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುತ್ತಿರಲಿಲ್ಲ. ಚಹಾ ಕೊಟ್ಟರೂ ನಿಂತೇ ಕುಡಿಯುತ್ತಿದ್ದರು, ಅದೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಮಳೆ ಬಂದರೆ ಊರೆಲ್ಲ ಒಳಗೆ ಓಡುತ್ತಿತ್ತು, ಅವರೊಬ್ಬರೇ ಹೊರಗೆ ಓಡುತ್ತಿದ್ದರು. ಚಪ್ಪಲಿ ಕಂಕುಳಲ್ಲಿ, ತಲೆಯ ಮೇಲೆ ಗೋಣಿಚೀಲ. ಎಲ್ಲಿ ನೀರು ನಿಂತಿತು, ಎಲ್ಲಿ ತಿರುಗಿತು ಎಂದು ಓಣಿ ಓಣಿ ತಿರುಗಿ, ಮೂಲೆಯ ಗೋಡೆಗಳಿಗೆ ಇದ್ದಿಲಿನಿಂದ ಗೆರೆ ಎಳೆದು ಹೋಗುತ್ತಿದ್ದರು. ನಮ್ಮ ಸುಣ್ಣ ಬಳಿದ ಗೋಡೆಯ ಮೇಲೂ ಒಂದು ಗೆರೆ ಇತ್ತು. ಅತ್ತೆ ಅದನ್ನು ನೋಡಿದಾಗಲೆಲ್ಲ ಬೈಯುತ್ತಿದ್ದರು.

ಒಮ್ಮೆ ಮೇಲಿನ ಓಣಿಯಲ್ಲಿ ಕೆಲಸ ನಿಂತುಬಿಟ್ಟಿತು. ಹನುಮಪ್ಪನ ಗುಡಿಯ ಕಟ್ಟೆ ಗಟಾರದ ಗೆರೆಯೊಳಗೆ ಒಂದು ಮೊಳ ಬಂದಿತ್ತು. ದೇವರ ಕಟ್ಟೆಗೆ ಹಾರೆ ಹಾಕಲು ಆಳುಗಳು ಒಪ್ಪಲಿಲ್ಲ, ಜನ ಸೇರಿದರು. ಸೋಮವಾರ ಪೂಜೆಯ ಹೂವಿಗೆಂದು ಹೋದ ನಾನೂ ನಿಂತು ನೋಡಿದೆ. ಮೇಸ್ತ್ರಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಒಂದು ಕಾಯಿ ಒಡೆದು, ಕೈಮುಗಿದು ಗಟ್ಟಿಯಾಗಿಯೇ ಕೇಳಿದರು.

"ಅಪ್ಪಾ, ಸಮುದ್ರ ಹಾರಿದಾಂವ ನೀ. ಒಂದು ಮೊಳ ಹಿಂದ ಸರಿಯೂದು ನಿನಗೇನು ದೊಡ್ಡದು? ಕೆಳಗಿನ ಓಣ್ಯಾಗ ಕೂಸುಗಳು ನೀರಾಗ ಕುಂಡ್ರತಾವ."

ಆಮೇಲೆ ತಾವೇ ಮೊದಲು ಹಾರೆ ಹಾಕಿದರು. ಅದಾದ ಮೇಲೆ ಪೇಟೆಯವರು ತಮ್ಮ ಅಂಗಡಿಯ ಕಟ್ಟೆ ಒಡೆಯಬೇಡ ಎಂದು ತಕರಾರು ತೆಗೆದಾಗ ಅವರದು ಒಂದೇ ಮಾತು: "ಹನುಮಪ್ಪ ಸರದಾನ್ರಿ. ನಿಮಗೇನಾಗೈತಿ?"

ದೇವರನ್ನು ಹೀಗೆ ಮನೆಯ ಹಿರಿಯನ ಹಾಗೆ ಕೇಳಿಕೊಳ್ಳಬಹುದು ಎಂಬುದನ್ನು ನಾನು ಕಲಿತದ್ದು ಅವತ್ತು.

ತಮ್ಮ ಮನೆಯ ಮಾತು ಆಡಿದ್ದು ಒಮ್ಮೆಯೇ. ಎಂಟು ವರ್ಷದಿಂದ ದಿನಗೂಲಿಯಲ್ಲೇ ಇದ್ದರಂತೆ. ಈ ಗಟಾರ ಒಂದು ಮಳೆಗಾಲ ಸರಿಯಾಗಿ ದಾಟಿದರೆ ಕಾಯಂ ಮಾಡುತ್ತೇವೆಂದು ಎಂಜಿನಿಯರ್ ಸಾಹೇಬರು ಮಾತು ಕೊಟ್ಟಿದ್ದರು.

"ಇಬ್ಬರು ಹೆಣ್ಣಮಕ್ಕಳು ಅದಾವ ತಂಗೀ. ಅಪ್ಪ ಕಾಯಂ ನೌಕರಿಯಾಗ ಅದಾನ ಅಂದ್ರ ಬೀಗರು ತಾವಾಗೇ ಬಾಗಿಲಿಗೆ ಬರ್ತಾರ. ದಿನಗೂಲಿಯವನ ಬಾಗಿಲದಾಗ ಯಾರು ನಿಲ್ತಾರ?"

ನಮ್ಮ ಬಾಗಿಲಿಗೂ ಆಗ ಬೀಗರು ಬರುವವರಿದ್ದರು. ಅಲ್ಲಿಂದಲೇ ನನ್ನ ತಪ್ಪಿನ ಕಥೆ ಶುರುವಾಗುತ್ತದೆ.

ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಾರೆ. ನೆಲದೊಳಗೆ ಆಳಕ್ಕೆ ಅಗೆದ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು ಇರುವ ಕಣಜ. ಸುತ್ತ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದುಬಿಟ್ಟರೆ ಅಲ್ಲೊಂದು ಹಗೇವು ಇದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ, ಗೊತ್ತು ಮಾಡಬಾರದು ಕೂಡ. ಎಷ್ಟು ಹಗೇವು ಇವೆ ಎಂದು ಹೇಳಬಹುದು, ಎಲ್ಲಿವೆ ಎಂದು ಹೇಳುವಂತಿಲ್ಲ. ನಮ್ಮದೊಂದು ಹಗೇವಿನ ಬಾಯಿ ಮುಂದಿನ ಕಟ್ಟೆಯ ಕೆಳಗಿತ್ತು, ಹೊಟ್ಟೆ ಓಣಿಯ ಕೆಳಗೆ ಚಾಚಿತ್ತು.

ಇಂಡಿಯ ಒಂದು ಒಳ್ಳೆಯ ಮನೆಗೆ ನನ್ನ ನಾದಿನಿಯನ್ನು ಕೊಡುವ ಮಾತು ನಡೆದಿತ್ತು. ಬಂದ ಹಿರಿಯರು ಹಗೇವು ಎಷ್ಟು ಎಂದು ಕೇಳಿದ್ದರು. "ಎರಡು, ಎರಡೂ ತುಂಬ್ಯಾವ," ಎಂದಿದ್ದರು ಅತ್ತೆ. ಬರದಲ್ಲಿ ಎರಡನ್ನೂ ತಳದವರೆಗೆ ಬಳಿದುಕೊಂಡು ತಿಂದದ್ದು ನಮಗಷ್ಟೇ ಗೊತ್ತು. ನಾವು ಮುಚ್ಚಿಟ್ಟದ್ದು ಜೋಳವನ್ನಲ್ಲ, ಖಾಲಿಯನ್ನು.

ಗಟಾರ ನಮ್ಮ ಮನೆಯ ಮುಂದಕ್ಕೆ ಬಂತು. ಅಗೆದ ತಗ್ಗಿನಲ್ಲಿ ಮೇಸ್ತ್ರಿ ವಾಡಿಕೆಯಂತೆ ತಂಬಿಗೆ ನೀರು ಸುರಿದರು. ನೀರು ಮುಂದೆ ಹರಿಯಲಿಲ್ಲ, ನಿಂತಲ್ಲೇ ಇಳಿದುಹೋಯಿತು. ಇನ್ನೊಂದು ತಂಬಿಗೆ ಕೇಳಿದರು. ಅದೂ ಇಳಿಯಿತು. ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಆಗಷ್ಟೇ ಪೂಜೆ ಮುಗಿಸಿದ್ದೆ, ಹಣೆಯ ವಿಭೂತಿ ಇನ್ನೂ ಹಸಿ.

"ತಂಗೀ, ಇಲ್ಲಿ ಹಗೇವು ಐತೇನು?"

ಒಳಗೆ ಬೀಸುತ್ತಿದ್ದ ಅತ್ತೆಯ ಬೀಸುಕಲ್ಲಿನ ಸದ್ದು ನಿಂತಿತು.

"ಇಲ್ರಿ ಅಣ್ಣಾರ," ಎಂದೆ.

"ಖರೇನು?"

"ಖರೇರಿ."

ಅವರು ನನ್ನ ಹಣೆ ನೋಡಿದರು, ತಗ್ಗು ನೋಡಿದರು. "ಹಂಗಾರ ಇಲಿ ಬಿಲ ಇರಬೇಕು," ಎಂದು ನಾಲ್ಕು ಬುಟ್ಟಿ ಗರಸು ಮಣ್ಣು ಹಾಕಿಸಿ, ಬಡಿದು ಗಟ್ಟಿ ಮಾಡಿಸಿ, ಮೇಲೆ ಕಲ್ಲು ಕಟ್ಟಿಸಿ ಮುಂದಕ್ಕೆ ಹೋದರು. ಬೀಸುಕಲ್ಲು ಮತ್ತೆ ತಿರುಗತೊಡಗಿತು.

ಗಟಾರ ಹಳ್ಳ ಮುಟ್ಟಿದ ಮೇಲೆ ಎರಡು ಸಣ್ಣ ಮಳೆ ಬಂದವು. ನೀರು ಗಟಾರದೊಳಗೇ ಶಿಸ್ತಾಗಿ ಹೋಯಿತು. ಕೆಳಗಿನ ಓಣಿಯವರು ಹೊಸ್ತಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಆಗ ಗಂಗವ್ವ, "ನಮ್ಮ ಮೇಸ್ತ್ರಿ ಸಾವಿರ ವರ್ಷ ಬಾಳಲಿ," ಎಂದು ಹರಸಿದ್ದಳು. ನಾನು ಮಾತ್ರ ಪ್ರತಿ ಸಲ ಗುಡುಗಿದಾಗಲೂ ಬಾಗಿಲಿಗೆ ಬಂದು ಆ ಒಂದು ಜಾಗ ನೋಡುತ್ತಿದ್ದೆ.

ಮೂರನೆಯದು ದೊಡ್ಡ ಮಳೆ. ಮಧ್ಯಾಹ್ನದ ಊಟ ಮುಗಿದಿತ್ತು. ಪೇಟೆಯ ನೀರು ಗಟಾರದ ತುಂಬ ಕೆಂಪಗೆ ಉಕ್ಕಿ ಬಂತು. ನಮ್ಮ ಕಟ್ಟೆಯ ಮುಂದೆ ನೆಲ ಒಮ್ಮೆ ನರಳಿದಂತೆ ಸದ್ದಾಗಿ, ಗಟಾರದ ಕಲ್ಲುಗಳೆಲ್ಲ ಒಳಗೆ ಕುಸಿದವು. ಕಲ್ಲು ಅಡ್ಡ ಬಿದ್ದು ದಾರಿ ಕಟ್ಟಿತು. ನೀರು ಹಗೇವು ತುಂಬಿ, ಹೊರಗೆ ಉಕ್ಕಿ, ಒಟ್ಟಾಗಿ ಕೆಳಗಿನ ಓಣಿಗೆ ನುಗ್ಗಿತು. ಗಂಗವ್ವನ ಮನೆಯ ಮುಂದಿನ ಗೋಡೆ ಮಲಗಿತು. ಅವಳು ಕೂಸು ಎತ್ತಿಕೊಂಡು ಹೊಲಕ್ಕೆ ಹೋಗಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಆ ದಯೆಗೆ ನಾನು ಇಂದಿಗೂ ದಿನ ಬೆಳಗಾದರೆ ಕೈಮುಗಿಯುತ್ತೇನೆ.

ಮರುದಿನ ಸಾಹೇಬರು ಬಂದರು. ನೀರು ಇಂಗಿ, ಹಗೇವು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಊರು ಸೇರಿತ್ತು. ಮೇಸ್ತ್ರಿ ಒಳಗೆ ಇಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು.

"ಕಣ್ಣು ಎಲ್ಲಿಟ್ಟಿದ್ದಿ? ಹಗೇವಿನ ಮ್ಯಾಗ ಗಟಾರ ಕಟ್ಟೀಯಲ್ಲೋ! ಮನಿಯವರನ್ನ ಕೇಳಲಿಲ್ಲೇನು?" ಎಂದು ಸಾಹೇಬರು ಸಿಡುಕಿದರು.

ನಾನು ಬಾಗಿಲಲ್ಲಿದ್ದೆ. ನನ್ನ ಹಿಂದೆ ನಾದಿನಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಮದುವೆಗೆ ಹದಿನೈದು ದಿನ ಉಳಿದಿತ್ತು. ತುಂಬಿದೆ ಎಂದ ಹಗೇವು ಖಾಲಿ ಬಿದ್ದದ್ದು ನಾಳೆ ಸಂತೆಗೆ ಹೋದವರ ಬಾಯಲ್ಲಿ ಇಂಡಿ ಮುಟ್ಟುತ್ತದೆ. ಅತ್ತೆ ಕಟ್ಟೆಗೆ ಬಂದು ನಿಂತು, "ನಮ್ಮನ್ನ ಯಾರು ಕೇಳ್ಯಾರ? ಯಾರೂ ಕೇಳಿಲ್ಲ," ಎಂದರು.

ಮೇಸ್ತ್ರಿ ತಲೆ ಎತ್ತಿ ನೋಡಿದರು. ಅತ್ತೆಯನ್ನಲ್ಲ, ನನ್ನನ್ನು. ಆಮೇಲೆ ನನ್ನ ಹಿಂದಿನ ನಾದಿನಿಯನ್ನು. ಈಗ ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾನು ಹೇಳಲಿಲ್ಲ.

"ಹೌದ್ರಿ ಸಾಹೇಬರ, ಕೇಳಿಲ್ರಿ," ಎಂದರು ಅವರು. "ಇದು ಇವರದಲ್ರಿ. ಈ ಮನಿ ಕಟ್ಟೂಕಿಂತ ಮೊದಲಿನ ಹಾಳ ಹಗೇವು. ಇವರಿಗೂ ಗೊತ್ತಿರಲಿಕ್ಕಿಲ್ಲ. ನಾನ ನೋಡಬೇಕಾಗಿತ್ತು. ತಪ್ಪು ನಂದರಿ."

ಹಾಗೆ ಹೇಳುವಾಗ ಅವರ ಕಾಲು ಸುಮ್ಮನಿರಲಿಲ್ಲ. ಹಗೇವಿನ ಬದಿಗೆ ಹಾಸಿದ ಹುಲ್ಲು ಒಂದು ಕಡೆ ಇನ್ನೂ ಹಳದಿಯಾಗಿ ಕಾಣುತ್ತಿತ್ತು, ಎರಡು ಮೂರು ವರ್ಷದ ಕೆಳಗಿನ ಹುಲ್ಲು, ಹಾಳು ಹಗೇವಿನಲ್ಲಿ ಇರಲಾರದ್ದು. ಅದನ್ನು ಅವರು ಕಾಲಿನಿಂದ ಎಳೆದು ಎಳೆದು ಕೆಸರಿನೊಳಗೆ ತುಳಿಯುತ್ತಿದ್ದರು. ಅಷ್ಟು ಜನರಲ್ಲಿ ಅದನ್ನು ಕಂಡವಳು ನಾನೊಬ್ಬಳೇ ಇರಬೇಕು.

ಹಗೇವಿಗೆ ಕಲ್ಲು ಗರಸು ತುಂಬಿ, ನಾಲ್ಕು ದಿನದಲ್ಲಿ ಗಟಾರವನ್ನು ಮತ್ತೆ ಕಟ್ಟಿಸಿದರು. ಆ ನಾಲ್ಕು ದಿನ ನಮ್ಮ ಬಾಗಿಲಲ್ಲಿ ನೀರು ಕೇಳಲಿಲ್ಲ. ಎದುರಿನ ಮನೆಯಿಂದ ಕೇಳಿ ತಂದರು. ಐದನೆಯ ದಿನ ಅವರನ್ನು ಕೆಲಸದಿಂದ ಬಿಡಿಸಿದ ಸುದ್ದಿ ಬಂತು. ಮುದ್ದೇಬಿಹಾಳಕ್ಕೆ ಹೋಗಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ನಿಂತರಂತೆ. ಕಾಯಂ ಎಂಬ ಮಾತು ಅಲ್ಲಿಗೆ ಮುಗಿಯಿತು. ನಾದಿನಿಯ ಮದುವೆ ಸುಸೂತ್ರವಾಗಿ ಆಯಿತು. ಮೇಸ್ತ್ರಿ ಕೇಳಿದ್ದನ್ನು, ನಾನು ಇಲ್ಲ ಎಂದದ್ದನ್ನು ಯಜಮಾನರಿಗೆ ಹೇಳಿದೆ. "ಆಗಿದ್ದು ಆಗೈತಿ, ಅವ್ವ ಇರೂತನಾ ಬಾಯಿ ಬಿಡಬ್ಯಾಡ," ಎಂದರು.

ಮೂರು ವರ್ಷ ಕಳೆದ ಮೇಲೆ ಒಂದು ಶ್ರಾವಣ ಸೋಮವಾರ ಬಸವಣ್ಣನ ದರ್ಶನಕ್ಕೆಂದು ಬಾಗೇವಾಡಿಗೆ ಹೋಗಿದ್ದೆ. ಸಣ್ಣಗೆ ಜಿನುಗುತ್ತಿತ್ತು. ಗುಡಿಯಿಂದ ಇಳಿದು ಬರುವಾಗ, ಓಣಿಯ ತಿರುವಿನಲ್ಲಿ, ತಲೆಯ ಮೇಲೆ ಗೋಣಿಚೀಲ ಹೊದ್ದ ಒಬ್ಬರು ಸೊಂಟ ಬಗ್ಗಿಸಿ ನೆಲ ನೋಡುತ್ತಿದ್ದರು. ಪಕ್ಕದಲ್ಲಿ ಕಂಠ ನೆಗ್ಗಿದ ತಂಬಿಗೆ.

"ಅಣ್ಣಾರ," ಎಂದೆ. ನೋಡಿದರು. ಗುರುತು ಹಿಡಿದರು.

"ನನ್ನ ಮಾತಿನಿಂದ ನಿಮಗ..." ಎಂದು ಶುರು ಮಾಡಿದೆ.

"ಸಿಟ್ಟಿರಲಿಲ್ಲ ಅಂದ್ರ ಸುಳ್ಳಾಗತೈತಿ ತಂಗೀ," ಎಂದರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. "ಎರಡು ಮಳಿಗಾಲ ಸಿಟ್ಟಿತ್ತು. ನಿನ್ನ ಮ್ಯಾಲೆ ಅಲ್ಲ, ನನ್ನ ಮ್ಯಾಲೆ. ನೀರು ನನಗ ಖರೆ ಹೇಳಿತ್ತು. ನಾ ನೀರಿನ ಮಾತು ಬಿಟ್ಟು ನಿನ್ನ ಮಾತು ಕೇಳಿದ್ನಿ."

ಇದಕ್ಕಿಂತ ಅವರು ಕೈ ಎತ್ತಿ ಹೊಡೆದಿದ್ದರೆ ಚಲೋ ಇತ್ತು.

"ಮತ್ಯಾಕ ನಮ್ಮನ್ನ ಉಳಿಸಿದ್ರಿ?"

"ನಿನ್ನ ನಾದಿನಿ ಅಳಾಕತ್ತಿದ್ಲು. ನಮ್ಮ ಮನ್ಯಾಗೂ ಎರಡು ಅದಾವ," ಎಂದರು. ಆಮೇಲೆ, ಅಷ್ಟು ಹೊತ್ತೂ ಅದನ್ನೇ ಕೇಳಬೇಕೆಂದಿದ್ದವರ ಹಾಗೆ, "ಗಟಾರ ಹರಿತೈತೇನು?" ಎಂದರು.

"ಹರಿತೈತ್ರಿ."

"ಇದರ ಖರೇನು?"

ನನಗೆ ನಗು, ಅಳು ಒಟ್ಟಿಗೇ ಬಂತು. "ಖರೇರಿ ಅಣ್ಣಾರ. ಕೆಳಗಿನ ಓಣಿಗೆ ಆಮ್ಯಾಲೆ ನೀರು ಹೊಕ್ಕಿಲ್ಲ."

"ಹಂಗಾರ ಸಾಕು. ಮಳಿಗಾಲಕ್ಕ ಮೊದಲು ಒಂದು ತಂಬಿಗಿ ಸುರಿದು ನೋಡು. ನಿಂತ್ರ ಕಸ ತಗಸು." ಹಿರಿಯವಳ ಮದುವೆ ಆಗಿದೆ, ಕಿರಿಯವಳದು ಇನ್ನೂ ಇಲ್ಲ ಎಂದು ನಾನು ಕೇಳಿದ್ದಕ್ಕೆ ಹೇಳಿದರು. ಮಳೆ ಜೋರಾಯಿತು. ಚಪ್ಪಲಿ ಕಂಕುಳಿಗೆ ಸಿಕ್ಕಿಸಿಕೊಂಡು ನಡೆದುಬಿಟ್ಟರು.

ಅಂದಿನಿಂದ ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಗಟಾರಕ್ಕೆ ಒಂದು ತಂಬಿಗೆ ನೀರು ಸುರಿದು, ಬಗ್ಗಿ ನೋಡುತ್ತೇನೆ. ಓಣಿಯ ಮಕ್ಕಳು ನಗುತ್ತವೆ, ನಗಲಿ. ಆದರೆ ಗಂಗವ್ವನ ಬಾಯಿಗೆ ಮಾತ್ರ ನಾನು ಅಡ್ಡ ಬರಲಿಲ್ಲ. ಗುಡುಗಿದಾಗಲೆಲ್ಲ ಅವಳು ಮೇಸ್ತ್ರಿಯ ಕೈಗೆ, ಕಾಲಿಗೆ, ವಂಶಕ್ಕೆ ಶಾಪ ಹಾಕುವುದನ್ನು ಕೇಳಿಕೊಂಡೇ ಇದ್ದೆ. ಅತ್ತೆ ಬದುಕಿದ್ದಾರೆ, ಹೇಗೆ ಹೇಳಲಿ ಎನ್ನುತ್ತಿದ್ದೆ. ಅತ್ತೆ ಹೋಗಿ ಒಂದು ವರ್ಷವಾಯಿತು. ನಾದಿನಿಗೆ ಎರಡು ಮಕ್ಕಳಾದವು. ಆಮೇಲೂ ಹೇಳಲಿಲ್ಲ. ಹಾಗಾದರೆ ಅಡ್ಡಿಯಾಗಿದ್ದವರು ಅತ್ತೆಯಲ್ಲ.

ಸಾವಿನ ಸುದ್ದಿ ಬಂದ ದಿನ ಸಂಜೆ ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ನಾನು ಹಿಟ್ಟಿನ ಡಬ್ಬಿ ಎತ್ತಿಡಲಿಲ್ಲ. ಜಗಲಿಗೆ ದೀಪ ಹಚ್ಚಿ, ಸೆರಗು ಹೊದ್ದು, ನೇರ ಕೆಳಗಿನ ಓಣಿಗೆ ಇಳಿದೆ. ಗಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಕ್ಕಾರ, ಕುಂಡ್ರಿ."

"ಕುಂಡ್ರಾಂಗಿಲ್ಲ. ಒಂದು ಮಾತು ಹೇಳಾಕ ಬಂದೇನಿ," ಎಂದೆ. "ಅವತ್ತ ಮೇಸ್ತ್ರಿ ಕೇಳಿದ್ರು. ಇಲ್ಲಿ ಹಗೇವು ಐತೇನು ಅಂತ ನನ್ನನ್ನ ಕೇಳಿದ್ರು. ಹಗೇವು ನಮ್ಮದ. ಇಲ್ಲ ಅಂತ ಹೇಳಿದಾಕಿ ನಾ. ನಿನ್ನ ಗ್ವಾಡಿ ಕೆಡವಿದ್ದು ನನ್ನ ಮಾತು, ಅವರ ಕೈ ಅಲ್ಲ."

ರೊಟ್ಟಿ ಹಂಚಿನ ಮೇಲೆ ಸುಟ್ಟು ವಾಸನೆ ಬಂತು. ಅವಳು ಅದನ್ನು ತೆಗೆಯಲಿಲ್ಲ.

"ಇಷ್ಟು ವರ್ಷ ಅಂವಗ ಬೈದೇನಿ," ಎಂದಳು ಕೊನೆಗೆ. "ಸತ್ತ ಮ್ಯಾಲೂ ಬೈದೇನಿ. ಇವತ್ತ ಬೆಳಿಗ್ಗಿನೂ ಬೈದೇನಿ."

"ನನಗ ಬೈ."

"ಮನಿಗೆ ಹೋಗ್ರಿ," ಎಂದಳು. ಮುಖ ತಿರುಗಿಸಿದಳು.

ಮರುದಿನ ಅವಳು ನಮ್ಮ ಕಡೆ ಬರಲಿಲ್ಲ. ಗಿರಣಿಗೆ ಸುತ್ತು ಹಾಕಿಕೊಂಡು ಹಿಂದಿನ ಓಣಿಯಿಂದ ಹೋದಳು. ಅದರ ಮರುದಿನವೂ ಹಾಗೆಯೇ. ನಾನು ಒಳಗೆ ಹೊರಗೆ ತಿರುಗಿದ್ದೇ ತಿರುಗಿದ್ದು. ಪೂಜೆಗೆ ಕುಳಿತರೂ ಕಿವಿ ಬಾಗಿಲಲ್ಲಿ.

ಮೂರನೆಯ ದಿನ ಮಧ್ಯಾಹ್ನ ದೊಡ್ಡ ಮಳೆ ಬಂತು. ಗಟಾರ ತುಂಬಿ ಹರಿಯಿತು, ಎಲ್ಲೂ ನಿಲ್ಲಲಿಲ್ಲ. ಮಳೆ ನಿಂತು ಹೊಳವಾಗುವ ಮೊದಲೇ ಗಂಗವ್ವ ನೆನೆಯುತ್ತ ಏರಿ ಬಂದು, ನಮ್ಮ ಕಟ್ಟೆಯ ಮುಂದೆ, ಆ ಜಾಗದಲ್ಲೇ ನಿಂತು, ನನ್ನನ್ನು ಬೈಯತೊಡಗಿದಳು. ಅವಳ ಬಾಯಲ್ಲಿ ಈಗ 'ನೀವು' ಇಲ್ಲ, 'ಅಕ್ಕಾರ' ಇಲ್ಲ. ನನ್ನ ವಿಭೂತಿಗೆ ಬೈದಳು, ನನ್ನ ಸೋಮವಾರಗಳಿಗೆ ಬೈದಳು, ನಮ್ಮ ಖಾಲಿ ಹಗೇವಿಗೆ ಬೈದಳು. ಓಣಿಯವರು ಬಾಗಿಲಿಗೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಕೈಕಟ್ಟಿಕೊಂಡು ನಿಂತೇ ಇದ್ದೆ. ಬಹಳ ಹೊತ್ತು ಬೈದಳು. ಅಷ್ಟರಲ್ಲಿ ಮೇಸ್ತ್ರಿಯ ಹೆಸರು ಒಮ್ಮೆಯೂ ಬರಲಿಲ್ಲ.

ಅದನ್ನೂ ನನಗೆ ಸಿಕ್ಕ ದಯೆಗಳಲ್ಲಿ ಒಂದೆಂದು ಎಣಿಸಿದ್ದೇನೆ.